ಹಳಿಯ ಆಚೆಯವರು, ಈಚೆಯವರು: ನಮ್ಮ ಕಥೆಯಾಟ ಎಲ್ಲಿಗೆ ಬಂತು

ಮೊದಲ ಮೂರು ವಾರ

ಹೆಚ್ಚೇನೂ ಸಾಗಲಿಲ್ಲ. ದಾಳ ಉರುಳಿಸುತ್ತ ಮಾತಿನಲ್ಲೇ ಕಥೆ ಕಟ್ಟಿಕೊಂಡು ಹೋಗುವ ಆಟ ಇದು. ಕಥೆ ನಡೆಸುವವನು ನಾನು, ಪಾತ್ರ ಹಿಡಿಯುವವರು ನಾಲ್ವರು ಗೆಳೆಯರು, ಭಾನುವಾರ ಸಂಜೆ ನಮ್ಮ ಮನೆ ಮಹಡಿಯ ಮೇಲೆ. ಕಣ್ಣಿಗೆ ಬೀಳದ ಎರಡು ಆಸ್ಥಾನಗಳು ದಾವಣಗೆರೆಯ ಬೀದಿಗಳಲ್ಲೇ ಕಾದಾಡಬೇಕು ಅನ್ನೋದು ನನ್ನ ಬಹುದಿನದ ಆಸೆ. ಸ್ಕಾಟ್ಲೆಂಡಿನ ಜನಪದದಲ್ಲಿ ಫೇರಿಗಳದ್ದು, ಅಂದರೆ ಮನುಷ್ಯರ ಕಣ್ಣಿಗೆ ಬೀಳದೆ ಬದುಕುವ ಮಾಯಾಜೀವಿಗಳದ್ದು, ಎರಡು ಪಂಗಡ: ಮನುಷ್ಯರ ಮೇಲೆ ಅಷ್ಟಿಷ್ಟು ದಯೆ ಇರುವ ಸೀಲೀ, ಸುಮ್ಮಸುಮ್ಮನೆ ಕೇಡು ಮಾಡುವ ಅನ್‌ಸೀಲೀ. ಈಗಿನ ಕಥೆಗಾರರು ಇವರನ್ನೇ ಬೇಸಿಗೆಯವರು, ಚಳಿಗಾಲದವರು ಅಂತ ಹಂಚುತ್ತಾರೆ. ನಾನೂ ಅದನ್ನೇ ತಂದು ಪಿ.ಬಿ. ರಸ್ತೆಯಲ್ಲಿ ನಿಲ್ಲಿಸಿದೆ. ನಿಲ್ಲಲಿಲ್ಲ. ಹಿಮ ಬೀಳದ ಊರಲ್ಲಿ ಹಿಮದ ರಾಣಿಗೆ ಯಾರು ಹೆದರುತ್ತಾರೆ?

ನಾಲ್ಕನೇ ವಾರ

ಒಂದು ಹೆಸರು ಸಿಕ್ಕಿತು, ಅದರಿಂದ ಬಾಗಿಲು ತೆರೆಯಿತು. ಸ್ಕಾಟ್ಲೆಂಡಿನ ಹಳಬರು ಫೇರಿಗಳನ್ನು ಫೇರಿ ಅಂತಲೇ ಕರೆಯುತ್ತಿರಲಿಲ್ಲ, ಸಿಟ್ಟಾದಾರು ಅಂತ 'ಒಳ್ಳೆಯ ನೆರೆಯವರು' ಅನ್ನುತ್ತಿದ್ದರು. ನಮ್ಮಜ್ಜಿ ರಾತ್ರಿ ಹೊತ್ತು ಹಾವು ಅನ್ನುತ್ತಿರಲಿಲ್ಲ, ಹುಳ ಅನ್ನುತ್ತಿದ್ದಳು. ಸಿಡುಬಿಗೆ ಅಮ್ಮ ಅಂದವರೂ ನಮ್ಮವರೇ. ಹಾಗಾಗಿ ನಮ್ಮ ಆಟದಲ್ಲಿ ಅವರು ಬರೀ 'ನೆರೆಯವರು'. ಆಟದ ನಡುವೆ ಯಾರಾದರೂ ಬಾಯಿ ತಪ್ಪಿ ಬೇರೆ ಹೆಸರು ಹೇಳಿದರೆ ಆ ಪಾತ್ರಕ್ಕೆ ಗಾಳಿ ಸೋಕುತ್ತದೆ, ಮುಂದಿನ ಮೂರು ದಾಳ ನನ್ನ ಕೈಗೆ.

ಆರನೇ ವಾರ

ಇಡೀ ಆಟ ತಿರುಗಿದ್ದು ಇಲ್ಲಿ.

ಒಂದು ಆಸ್ಥಾನವನ್ನು ಮುಚ್ಚಿಹೋದ ಹತ್ತಿ ಮಿಲ್ಲಿನಲ್ಲಿ ಇಟ್ಟಿದ್ದೆ. ಹಿಂದೊಮ್ಮೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿಗೆ ಅದಕ್ಕಿಂತ ತಕ್ಕ ಅರಮನೆ ಇಲ್ಲ ಅಂತ ನನ್ನ ಲೆಕ್ಕ. ಒಬ್ಬ ಗೆಳೆಯ ಅಲ್ಲೇ ಹಿಡಿದ: "ಕಬ್ಬಿಣ ಅಂದ್ರೆ ಅವರಿಗೆ ಆಗಂಗಿಲ್ಲ ಅಂತೀಯ. ಮಿಲ್ಲಿನ ತುಂಬ ಕಬ್ಬಿಣನೇ ಅಲ್ಲೇನಪ್ಪ? ಒಳಗ ಹೆಂಗ ಕೂತಾರ?"

ಉತ್ತರ ಇರಲಿಲ್ಲ. ಕಬ್ಬಿಣದ ನಿಯಮ ಬಿಡಲೂ ಮನಸ್ಸಿಲ್ಲ, ಅದು ಎರಡೂ ಕಡೆ ಬೇರು ಬಿಟ್ಟದ್ದು. ಅಲ್ಲಿ ಮಗುವನ್ನು ಫೇರಿಗಳು ಬದಲಾಯಿಸದಿರಲಿ ಅಂತ ತೊಟ್ಟಿಲ ಬಳಿ ಕತ್ತರಿ ಇಡುತ್ತಿದ್ದರು. ಇಲ್ಲಿ ಬಾಣಂತಿಯ ತಲೆದಿಂಬಿನ ಕೆಳಗೆ ಕುಡುಗೋಲೋ ಅಡಕತ್ತರಿಯೋ ಇರುತ್ತದೆ.

ಉತ್ತರ ಕೊಟ್ಟವರು ಮಿಲ್ಲಿನಲ್ಲಿ ದುಡಿದಿದ್ದ ನಮ್ಮ ದೊಡ್ಡಪ್ಪ. ಆಟದ ಸುದ್ದಿ ಎತ್ತಿರಲಿಲ್ಲ, ಮಿಲ್ಲು ಮುಚ್ಚಿದ ಮೇಲೆ ಏನಾಯಿತು ಅಂತಷ್ಟೇ ಕೇಳಿದೆ. "ಏನಾಗ್ತದೆ? ಮಷೀನೆಲ್ಲ ತೂಕಕ್ಕೆ ಹಾಕಿದರು. ಲಾರಿ ಮೇಲೆ ಲಾರಿ ಗುಜರಿಗೆ ಹೋತು. ಆಮೇಲೆ ಒಳಗ ಕಾಲಿಟ್ಟರೆ ನಮ್ಮ ಕೆಮ್ಮೇ ನಮಗ ತಿರುಗಿ ಕೇಳ್ತಿತ್ತು" ಅಂದರು. ಪಾಳಿಯ ಸೈರನ್ ನಿಂತ ಮೇಲೂ ಎಷ್ಟೋ ದಿನ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತಂತೆ. ಹೇಳಿ ಬಹಳ ಹೊತ್ತು ಸುಮ್ಮನೆ ಕೂತರು. ನಾನೂ ಮುಂದೆ ಕೇಳಲಿಲ್ಲ.

ಅವತ್ತು ರಾತ್ರಿ ಎರಡು ಗಂಟೆಯವರೆಗೆ ಬರೆದೆ. ಕಬ್ಬಿಣ ಇರುವವರೆಗೆ ಮಿಲ್ಲು ಮನುಷ್ಯರದು, ಅನ್ನ ಕೊಟ್ಟಿತು, ನೆರೆಯವರನ್ನು ದೂರವೂ ಇಟ್ಟಿತು. ಕಬ್ಬಿಣ ಗುಜರಿಗೆ ಹೋದ ದಿನವೇ ಅವರು ಒಳಗೆ ಬಂದರು. ಯುದ್ಧ ಶುರುವಾದದ್ದೂ ಅವತ್ತೇ, ಏಕೆಂದರೆ ಖಾಲಿ ಜಾಗ ಒಂದೇ, ಬೇಕಾದವರು ಇಬ್ಬರು.

ಏಳರಿಂದ ಒಂಬತ್ತು

ಕಬ್ಬಿಣ ಹಿಡಿದು ಹೊರಟ ಮೇಲೆ ನಕ್ಷೆ ತಾನಾಗಿ ಬಂತು. ಊರನ್ನು ಎರಡು ಭಾಗ ಮಾಡುವುದು ರೈಲು ಹಳಿ. ಅಶೋಕ ರಸ್ತೆಯ ಗೇಟಲ್ಲಿ ಕಾದು ನಿಂತ ನೆನಪು ಊರಿನವರಿಗೆಲ್ಲ ಇದೆ. ಹಳಿಯನ್ನು ನೆರೆಯವರು ತಾವಾಗಿ ದಾಟಲಾರರು, ಮನುಷ್ಯನೊಬ್ಬ ಒಪ್ಪಿ ದಾಟಿಸಬೇಕು. ಹಾಗಾಗಿ ನಮ್ಮ ಮುಖ್ಯ ಪಾತ್ರ ರಾತ್ರಿ ಆಟೋ ಓಡಿಸುವವನು. ಅವರು ಕೊಡುವ ನೋಟು ಬೆಳಗಾದರೆ ಒಣ ಎಲೆ, ಆಟೋ ಸಾಲದ ಕಂತಿಗೆ ಎಲೆ ನಡೆಯುವುದಿಲ್ಲ. ಅದಕ್ಕೆ ಅವನು ದುಡ್ಡು ಬಿಟ್ಟು ಋಣ ಬರೆಸಿಕೊಳ್ಳುತ್ತಾನೆ. ಯಾರ ಋಣ ಎಷ್ಟು ಅನ್ನೋದಕ್ಕೆ ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದೇವೆ. ಕತ್ತಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು ಅದೇ.

ಬೇಸಿಗೆ, ಚಳಿಗಾಲದ ಜಾಗಕ್ಕೆ ಭದ್ರಾ ನಾಲೆ ಬಂತು, ಎರಡು ಆಸ್ಥಾನಗಳು ನಾಲೆಯವರು, ಬೆಂಕಿಯವರು ಅಂತಾದವು. ಲಕ್ಕವಳ್ಳಿಯ ಅಣೆಕಟ್ಟಿನಿಂದ ನೀರು ಬಿಟ್ಟ ದಿನಗಳಲ್ಲಿ ನಾಲೆಯವರ ಕೈ ಮೇಲು. ನೀರು ನಿಲ್ಲಿಸಿದರೆ ಬೆಂಕಿಯವರದು. ಬೇಸಿಗೆ ಬೆಳೆಗೆ ಸರದಿ ಮೇಲೆ ನೀರು ಬಿಟ್ಟು ನಿಲ್ಲಿಸಿ ಮಾಡುವಾಗ ಊರೊಳಗಿನ ಕದನವೂ ದಿನ ಎಣಿಸಿಕೊಂಡು ನಡೆಯುತ್ತದೆ.

ಬೆಂಕಿಯವರು ಹಳೇ ಪೇಟೆ ಕಡೆ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿದ್ದಾರೆ. ಅಲ್ಲೊಂದು ಸೊಗಸಾದ ತೊಡಕು. ಮಂಡಕ್ಕಿ ಅಕ್ಕಿಗೆ ಉಪ್ಪು ಬೆರೆಸಿ ಕಾದ ಮರಳಲ್ಲಿ ಹುರಿಯುತ್ತಾರೆ, ಸ್ಕಾಟ್ಲೆಂಡಿನ ಜನಪದದಲ್ಲಿ ಫೇರಿಗಳನ್ನು ದೂರವಿಡುವ ವಸ್ತುಗಳಲ್ಲಿ ಉಪ್ಪೂ ಒಂದು. ಒಲೆಯ ಬಿಸಿ ಅವರದು, ಒಲೆಯಿಂದ ಬಂದ ಕಾಳು ಮಾತ್ರ ಮುಟ್ಟಲಾರರು. ಪಾತ್ರಗಳ ಜೇಬಲ್ಲಿ ಈಗ ಒಂದೊಂದು ಹಿಡಿ ಮಂಡಕ್ಕಿ ಇದೆ. ಬೆಣ್ಣೆದೋಸೆ ಹೋಟೆಲನ್ನೂ ಆಸ್ಥಾನ ಮಾಡು ಅಂತ ನಾಲ್ವರೂ ಹಿಡಿದಿದ್ದಾರೆ. ಫೇರಿಗಳು ಬೆಣ್ಣೆ ಕದಿಯುವ ಕಥೆಗಳೇನೋ ಇವೆ, ಆದರೂ ನನಗೆ ಒಪ್ಪಿಗೆಯಿಲ್ಲ. ಊರಿನ ಹೆಸರು ಹೇಳಿದ ಕೂಡಲೇ ಬಾಯಿಗೆ ಬರುವುದನ್ನೇ ಆಟದೊಳಗೂ ತುರುಕಬಾರದು.

ಎರಡು ವರ್ಷಕ್ಕೊಮ್ಮೆ ನಡೆಯುವ ಊರದೇವತೆ ದುಗ್ಗಮ್ಮನ ಜಾತ್ರೆಯ ದಿನಗಳಲ್ಲಿ ಎರಡೂ ಆಸ್ಥಾನದವರು ಊರ ಗಡಿಯಾಚೆ ಇರಬೇಕು. ಅಮ್ಮನನ್ನು ಆಟದ ಪಾತ್ರ ಮಾಡುವುದಿಲ್ಲ ಅಂತ ಮೊದಲೇ ಮಾತಾಗಿದೆ.

ಕಳೆದ ಭಾನುವಾರ

ನಾಲೆಯ ನೀರು ನಿಂತು ಮೂರನೇ ರಾತ್ರಿ. ಪಿ.ಬಿ. ರಸ್ತೆಯಲ್ಲಿ ಒದ್ದೆ ಸೆರಗಿನ ಮುದುಕಿಯೊಬ್ಬಳು ಆಟೋ ಹತ್ತಿ ಹಳಿಯಾಚೆ ಬಿಡು ಅಂದಳು. ಮಳೆ ಬಂದಿಲ್ಲ, ಸೆರಗಿಂದ ಮಾತ್ರ ನೀರು ಇಳಿಯುತ್ತಲೇ ಇದೆ. ಆಟೋದವನ ಪಾತ್ರ ಹಿಡಿದವನು ಋಣದ ನೋಟ್‌ಬುಕ್ ತೆಗೆದು ನೋಡಿದ. ಅವಳ ಪುಟ ಖಾಲಿ. ಗೇಟು ಬಿದ್ದಿತ್ತು, ದೂರದಲ್ಲಿ ಗೂಡ್ಸ್ ಗಾಡಿಯ ಸದ್ದು. "ಹೆಸರು ಏನಂತ ಬರಕೊಳ್ಳಲಿ ಅವ್ವಾ?" ಅಂತ ಕೇಳಿದ. ನಾನು ಉತ್ತರ ಹೇಳುವ ಮೊದಲು ದಾಳ ಹಾಕಿಸಿದೆ. ಒಂದು ಬಿತ್ತು.

ಈ ವಾರವೆಲ್ಲ ಆ ಮುದುಕಿಯ ಮಾತನ್ನೇ ಬರೆಯುತ್ತ ಕೂತಿದ್ದೇನೆ.