ಬಸ್ಸು ಹತ್ತಿದ ಅಜ್ಜಿಯನ್ನು ಇಳಿಸಿದ ಡಾಕ್ಟರು

ಕಣ್ಣಿನ ಕ್ಯಾಂಪ್ ಕೆಲಸದಲ್ಲಿರುವವರಿಗೆ ತಿಂಗಳ ಕೊನೆಯ ವಾರ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಮ್ಯಾನೇಜ್‌ಮೆಂಟ್ ಗ್ರೂಪಿನಲ್ಲಿ ಮೆಸೇಜು: ಆಪರೇಷನ್ ಟಾರ್ಗೆಟ್ ಎಷ್ಟು, ಆಗಿದ್ದೆಷ್ಟು, ಬ್ಯಾಲೆನ್ಸ್ ಎಷ್ಟು. ಬೀಳಗಿ ಕಡೆಯ ಒಂದು ಹಳ್ಳಿಗೆ ನಾವು ಕ್ಯಾಂಪ್ ಹಾಕಿದ್ದು ಅಂಥದ್ದೇ ವಾರದಲ್ಲಿ.

ಬೀಳಗಿ ಎಂದರೆ ಡಾ. ಎಂ.ಸಿ. ಮೋದಿಯವರು ಹುಟ್ಟಿದ ಊರು. ಮುರಿಗೆಪ್ಪ ಚೆನ್ನವೀರಪ್ಪ ಮೋದಿ. ಆಸ್ಪತ್ರೆಯ ಮೆಟ್ಟಿಲನ್ನೇ ಕಾಣದ ಜನರ ಊರಿಗೆ ಆಪರೇಷನ್ ಟೇಬಲ್ಲನ್ನೇ ಒಯ್ದವರು. ಒಂದೇ ದಿನ 833 ಪೊರೆ ಆಪರೇಷನ್, ಜೀವಮಾನದಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಂದು ಗಿನ್ನೆಸ್ ದಾಖಲೆಯಲ್ಲಿ ಅವರ ಹೆಸರಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಸರ್ಕಾರದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದೇ 1976ರಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ಅವರು ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ಹೊಸದಾಗಿ ಸೇರಿದ ಹುಡುಗರಿಗೆ ಹುರುಪು ತುಂಬಲು ನಾನು ಹೇಳುತ್ತಿದ್ದದ್ದು ಆ 833ರ ಕಥೆಯನ್ನೇ. ಅವತ್ತೂ ಹೇಳಿದ್ದೆ.

ಸ್ಕ್ರೀನಿಂಗ್ ಚೆನ್ನಾಗಿ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಬಿಪಿ, ಆರ್‌ಬಿಎಸ್ (ರಕ್ತದ ಸಕ್ಕರೆ), ಸ್ಯಾಕ್ (ಕಣ್ಣಿನ ಒಳಮೂಲೆಯ ಕಣ್ಣೀರಿನ ಚೀಲ) ಪರೀಕ್ಷೆ ಎಲ್ಲ ಮುಗಿದು, ಆಯ್ಕೆಯಾದವರ ಹಣೆಗೆ ಆಪರೇಷನ್ ಆಗಬೇಕಾದ ಕಣ್ಣಿನ ಮೇಲ್ಭಾಗಕ್ಕೆ ಪ್ಲಾಸ್ಟರ್ ಅಂಟಿಸಿ, ಆಪರೇಷನ್ ನಡೆಯುವ ಬೇಸ್ ಹಾಸ್ಪಿಟಲ್ಲಿನ ಬಸ್ಸಿಗೆ ಹತ್ತಿಸಿದ್ದೆವು. ಆಗ ನಮ್ಮ ಸರ್ಜನ್ ಟಾರ್ಚ್ ಹಿಡಿದು ಬಸ್ಸು ಹತ್ತಿದರು. ಸೀಟಿನಿಂದ ಸೀಟಿಗೆ ಕೈ ಸ್ಯಾನಿಟೈಸ್ ಮಾಡಿಕೊಳ್ಳುತ್ತ, ಪ್ರತಿಯೊಬ್ಬರ ಕಣ್ಣಿನ ಒಳಮೂಲೆಯನ್ನು ಮತ್ತೊಮ್ಮೆ ಒತ್ತಿ ನೋಡತೊಡಗಿದರು. ನನಗೆ ಒಳಗೊಳಗೇ ಸಿಟ್ಟು ಬಂತು. ಅಸಿಸ್ಟೆಂಟ್ ನೋಡಿದ್ದನ್ನೇ ಮತ್ತೆ ನೋಡುವುದೇಕೆ, ನಂಬಿಕೆ ಇಲ್ಲವೇ ಎಂದು. ಹಿಂದಿನಿಂದ ಎರಡನೇ ಸೀಟಿನಲ್ಲಿ ಕೂತಿದ್ದ ಅಜ್ಜಿಯ ಬಲಗಣ್ಣನ್ನು ಒತ್ತಿದಾಗ ಕೀವು ಬಂತು.

"ಇವರನ್ನ ಇಳಿಸಿ" ಎಂದರು.

ಎರಡೂ ಕಣ್ಣಿಗೆ ಪೊರೆ. ಎಡಗಣ್ಣಿನಲ್ಲಿ ಕೈಯಾಡಿದ್ದು ಗೊತ್ತಾಗುತ್ತಿತ್ತು, ಅಷ್ಟೇ. ಬಾಗಿಲಲ್ಲಿ ನಿಂತಿದ್ದ ಮಗ ಕೂಗಾಡಿದ: "ಆರಿಸಿದೋರೂ ನೀವ, ಹಣಿಗೆ ಪಟ್ಟಿ ಹಚ್ಚಿದೋರೂ ನೀವ, ಈಗ ಇಳಿ ಅಂತೀರಲ್ರೀ? ನಮ್ಮವ್ವ ಏನ್ ತಪ್ಪ ಮಾಡ್ಯಾಳ?" ಬಸ್ಸಿನೊಳಗೆ ಗುಜುಗುಜು ಎದ್ದಿತು. ಇಬ್ಬರು ಹೆಂಗಸರು ಚೀಲ ಎತ್ತಿಕೊಂಡು, ನಾವೂ ಒಲ್ಲೆವು ಎಂದು ಎದ್ದು ನಿಂತರು. ಡ್ರೈವರ್ ಇಂಜಿನ್ ಆರಿಸಿದ. ನಾನು ಸರ್ಜನ್ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದೆ: "ಸರ್, ಸಂಜೆಯಿಂದಲೇ ಡ್ರಾಪ್ಸ್ ಶುರು ಮಾಡೋಣ. ನಾಳೆ ಲಿಸ್ಟಿನ ಕೊನೆಗೆ ತಗೊಳ್ಳಿ. ಊರವರ ಮುಂದೆ ಇಳಿಸಿದರೆ ಇಡೀ ಕ್ಯಾಂಪೇ ಕೆಡುತ್ತದೆ." ಅವರು ನನಗೆ ಉತ್ತರ ಕೊಡಲಿಲ್ಲ. ಬಸ್ಸಿನ ನಡುದಾರಿಯಲ್ಲಿ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಯವ್ವಾ, ನಿನ್ನ ಕಣ್ಣಿನ ಮೂಲ್ಯಾಗ ಕೀವಿನ ಚೀಲ ಐತಿ. ಈಗ ಕೊಯ್ದ್ರ ಆ ಕೀವು ಕಣ್ಣಾಗ ಇಳೀತದ, ಕಣ್ಣ ಹೋಗ್ತದ. ಮೊದಲ ಆ ಚೀಲ ತಗೀತೀನಿ, ಅದು ಮಾಯ್ದ ಮ್ಯಾಲ ಪೊರಿ ತಗೀತೀನಿ. ಎರಡೂ ನಾನ ಮಾಡ್ತೀನಿ." ಬಸ್ಸಿನಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು. ಡಿಸಿಟಿಗೆ, ಅಂದರೆ ಆ ಚೀಲ ತೆಗೆಯುವ ಆಪರೇಷನ್ನಿಗೆ, ದಿನಾಂಕವನ್ನು ಅಲ್ಲೇ ಚೀಟಿಯಲ್ಲಿ ಬರೆದು ಮಗನ ಕೈಗಿತ್ತರು. ಎದ್ದಿದ್ದ ಹೆಂಗಸರಲ್ಲಿ ಒಬ್ಬರು ಕೂತರು, ಇನ್ನೊಬ್ಬರು ಇಳಿದೇ ಹೋದರು.

ದಾರಿಯಲ್ಲಿ ಸರ್ಜನ್ ನನಗೆ ಹೇಳಿದ ಮಾತು: "ಒಳಗೆ ಸೋಂಕು ಇಳಿದು ಎಂಡಾಫ್ತಾಲ್ಮೈಟಿಸ್ ಆದ ಒಂದು ಕಣ್ಣು ಆ ಊರಿನ ಉಳಿದ ಕಣ್ಣುಗಳನ್ನೂ ಕುರುಡಾಗಿಯೇ ಇಡುತ್ತೆ. ಆಮೇಲೆ ಯಾರೂ ನಿಮ್ಮ ಬಸ್ಸು ಹತ್ತಲ್ಲ." ಸೋಂಕು ಒಳಗೆ ಇಳಿದರೆ ಕೆಲವೇ ದಿನಗಳಲ್ಲಿ ಕಣ್ಣು ಹೋಗಬಹುದು ಎಂಬುದು ನನಗೆ ತಿಳಿಯದ್ದೇನಲ್ಲ. ಊರಿನ ಲೆಕ್ಕದಲ್ಲಿ ಅದನ್ನು ಯೋಚಿಸಿರಲಿಲ್ಲ. ಮೋದಿಯವರ ಬದುಕಿನಿಂದ ನಾನು ಹೆಕ್ಕಿಕೊಂಡಿದ್ದು ಬರೀ ಅಂಕಿ. ಲೆನ್ಸ್ ಕೂರಿಸುವುದು ಇನ್ನೂ ಬಳಕೆಗೆ ಬಂದಿರದ, ದಪ್ಪ ಗಾಜಿನ ಕನ್ನಡಕವೇ ಗತಿಯಾಗಿದ್ದ ಕಾಲದಲ್ಲೂ ಜನ ಅವರ ಕೈಗೆ ಕಣ್ಣು ಕೊಟ್ಟರಲ್ಲ, ಆ ನಂಬಿಕೆ ಮೊದಲು; 833 ಬಂದದ್ದು ಅದರ ಬೆನ್ನಿಗೆ.

ನಮ್ಮ ಸರ್ಜನ್ ಮದುರೈನಲ್ಲಿ ತರಬೇತಿ ಪಡೆದವರು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಆಪರೇಷನ್ ಕಲಿತ ಡಾ. ಜಿ. ವೆಂಕಟಸ್ವಾಮಿಯವರು, ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಗಳಿಂದ ಅರವಿಂದ್ ಆಸ್ಪತ್ರೆ ಶುರು ಮಾಡಿದ್ದು ಅಲ್ಲೇ. ಲೆನ್ಸ್ ಬೆಲೆ ಬಡವರ ಕೈಗೆಟುಕದು ಎಂದಾಗ 1992ರಲ್ಲಿ ಲೆನ್ಸ್ ತಯಾರಿಸಲು ಆರೋಲ್ಯಾಬನ್ನೇ ಕಟ್ಟಿದರು. ಹೆಚ್ಚು ಜನಕ್ಕೆ ಮಾಡುವುದಕ್ಕೂ ಚೆನ್ನಾಗಿ ಮಾಡುವುದಕ್ಕೂ ಜಗಳವಿಲ್ಲ ಎಂದು ಅವರು ಕೆಲಸದಲ್ಲೇ ತೋರಿಸಿದರು. ಜಗಳ ಹಚ್ಚುವುದು ನಾವು ತುಂಬುವ ಶೀಟು. ಒಪಿಡಿ, ಸೆಲೆಕ್ಟೆಡ್, ಆಪರೇಟೆಡ್ ಎಂದು ಮೂರು ಕಾಲಂ ಇಟ್ಟು, ಮುಂದೂಡಿದವರಿಗೆ ಜಾಗವನ್ನೇ ಕೊಡದಿದ್ದರೆ ಕೋಆರ್ಡಿನೇಟರ್ ಆದವನ ಕಣ್ಣಿಗೆ ಅವರು ನಷ್ಟವಾಗಿಯೇ ಕಾಣುತ್ತಾರೆ. ಕಾಲಂ ಸೇರಿಸಿ ಎಂದು ಕೇಳಿದ್ದೇನೆ. ಸಾಫ್ಟ್‌ವೇರ್ ಬದಲಾಗಬೇಕಂತೆ.

ಅಜ್ಜಿಗೆ ಡಿಸಿಟಿ ಆಯಿತು, ಹೊಲಿಗೆ ಬಿಚ್ಚಿ ಗಾಯ ಮಾಯ್ದ ಮೇಲೆ ಪೊರೆಯೂ ಆಯಿತು. ಇಳಿದು ಹೋದ ಹೆಂಗಸು ಮಾತ್ರ ಇನ್ನೂ ಬಂದಿಲ್ಲ. ಎರಡು ಸಲ ಮನೆಗೆ ಹೋಗಿ ಬಂದೆ, ಮತ್ತೆ ಹೋಗುತ್ತೇನೆ. ಶುಗರ್, ಬಿಪಿ ಜಾಸ್ತಿ ಎಂದು ವಾಪಸ್ ಕಳಿಸುವವರ ಪಾಡೂ ಇದೇ. ಅವರು ಔಷಧಿಗೆ ಎಲ್ಲಿಗೆ ಹೋಗುತ್ತಾರೆ ಎಂದು ನಾವು ಕೇಳುತ್ತಲೇ ಇರಲಿಲ್ಲ. ಈಗ ಅವರ ಪಟ್ಟಿಯನ್ನು ಆ ಊರಿನ ಆಶಾ ಕಾರ್ಯಕರ್ತೆಗೂ ಪಿಎಚ್‌ಸಿಗೂ ಕೊಟ್ಟೇ ಬಸ್ಸು ಹೊರಡಿಸುತ್ತೇನೆ. ಸ್ಯಾಕ್ ಟೇಬಲ್ಲಿಗೆ ತರಬೇತಿ ಇಲ್ಲದ ವಾಲಂಟಿಯರ್‌ಗಳನ್ನು ಕೂರಿಸುವುದನ್ನು ನಿಲ್ಲಿಸಿದ್ದೇವೆ, ಕ್ಯೂ ಎಷ್ಟೇ ಉದ್ದವಿರಲಿ.