ಶೀನಣ್ಣನ ಕೊಡೆ

ಅಂಧೇರಿಯ ಒಂದು ಸ್ಟುಡಿಯೋಗೆ ನಾನು ಕನ್ನಡ ಆಡಿಯೋ ಧಾರಾವಾಹಿ ಬರೆಯುತ್ತೇನೆ. ಕಳೆದ ವರ್ಷ ಬರೆದದ್ದು ಮಾಟುಂಗಾದ ಉಡುಪಿ ಹೋಟೆಲೊಂದರ ಕತೆ. ಅದರಲ್ಲಿ ಗಲ್ಲೆಯಲ್ಲಿ ಕೂರುವ ಶೀನಣ್ಣ ಅಂತ ಒಬ್ಬರು. ಅರವತ್ತು ದಾಟಿದೆ, ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಒಳಗೆ ಮಾತ್ರ ಒಂದೇ ಹೆದರಿಕೆ, ಇವರೂ ನನ್ನನ್ನು ಬಿಟ್ಟು ಹೋಗುತ್ತಾರೆ ಅಂತ.

ನಾಲ್ಕನೇ ಕಂತಿನಲ್ಲಿ ಅದನ್ನು ಅವರ ಬಾಯಿಂದಲೇ ಹೇಳಿಸಿದ್ದೆ. ಹನ್ನೊಂದನೇ ವಯಸ್ಸಿನಲ್ಲಿ ಸೋದರಮಾವ ಬಸ್ಸಿನಲ್ಲಿ ಮುಂಬೈಗೆ ಕರೆತಂದು, ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಿ, "ಈಗ ಬರ್ತೇನೆ" ಅಂತ ಹೋದವರು ಬರಲೇ ಇಲ್ಲ. ಎರಡು ಪುಟದ ಮಾತು. ಬರೆಯುವಾಗ ನನಗೇ ಕಣ್ಣು ತುಂಬಿತ್ತು. ರೆಕಾರ್ಡಿಂಗ್ ದಿನ ಆ ಪಾತ್ರ ಮಾಡುವ ಹಿರಿಯ ರಂಗನಟರು ಅರ್ಧಕ್ಕೆ ನಿಲ್ಲಿಸಿ ಹೆಡ್‌ಫೋನ್ ತೆಗೆದರು.

"ಅಲ್ಲ ಮಗಾ, ಇಷ್ಟೆಲ್ಲ ಹೇಳ್ಲಿಕ್ಕೆ ಬರುವವನಾದ್ರೆ ಐವತ್ತು ವರ್ಷ ಯಾಕೆ ಸುಮ್ಮನಿದ್ದ?"

ಎರಡೂ ಪುಟ ತೆಗೆದೆ. ಮುಂದಿನ ಕರಡಿನಲ್ಲಿ ಶೀನಣ್ಣ ಮಾತೇ ಆಡಲಿಲ್ಲ. ಅದೂ ಕೆಡಿಸಿತು. ಸಿನಿಮಾದಲ್ಲಾದರೆ ಮುಖ ಇರುತ್ತದೆ. ಆಡಿಯೋದಲ್ಲಿ ಸುಮ್ಮನಿರುವವನು ಅಲ್ಲಿ ಇಲ್ಲವೇ ಇಲ್ಲ.

ಆಗ ಓದಿದ್ದು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಅವರ ಕೆಲಸದ ಬಗ್ಗೆ. ವರ್ಷದ ಆಸುಪಾಸಿನ ಮಕ್ಕಳನ್ನು ತಾಯಿ ಸ್ವಲ್ಪ ಹೊತ್ತು ಬಿಟ್ಟು ಹೋದಾಗ ಏನು ಮಾಡುತ್ತವೆ ಅಂತ ಅವರು ನೋಡಿದ್ದರು. ಕೆಲವು ಮಕ್ಕಳು ಅಳುವುದಿಲ್ಲ. ತಾಯಿ ತಿರುಗಿ ಬಂದರೂ ಆಟಿಕೆಯ ಕಡೆಗೇ ಮುಖ. 1977ರಲ್ಲಿ ಬೇರೆ ಸಂಶೋಧಕರು ಅಂಥ ಮಕ್ಕಳ ಎದೆಬಡಿತ ಅಳೆದದ್ದನ್ನು ಪ್ರಕಟಿಸಿದರು. ಮುಖ ಶಾಂತ, ಎದೆ ಹೊಡೆದುಕೊಳ್ಳುತ್ತಿತ್ತು. ಅಂದರೆ ಆ ಆಟಿಕೆ ಮಗುವಿಗೆ ಆಟವಲ್ಲ, ದುಡಿಮೆ. ನನ್ನ ಶೀನಣ್ಣನಿಗೂ ಒಂದು ಆಟಿಕೆ ಬೇಕಿತ್ತು.

ಅದು ಸಿಕ್ಕಿದ್ದು ಅಪ್ಪ ಕೆಲಸಕ್ಕಿದ್ದ ಹೋಟೆಲಿನ ನೆನಪಿನಲ್ಲಿ. ಅಲ್ಲಿನ ಮ್ಯಾನೇಜರು ರಜೆಗೆ ಊರಿಗೆ ಹೊರಟ ಪ್ರತಿ ಹುಡುಗನ ಕೈಗೂ ತನ್ನದೊಂದು ವಸ್ತು ಕೊಡುತ್ತಿದ್ದರು. ಕೊಡೆ, ಟಾರ್ಚು, ಸ್ಟೀಲಿನ ಡಬ್ಬಿ. "ಬರುವಾಗ ತಾ, ಮರೀಬೇಡ." ಸಣ್ಣವಳಿದ್ದಾಗ ಅವರನ್ನು ಜಿಪುಣ ಅಂದುಕೊಂಡಿದ್ದೆ. ಮುಂಬೈ ಕಡೆಯಿಂದ ನಮ್ಮ ಕರಾವಳಿಗೆ ಬರುವ ಕೊಂಕಣ ರೈಲು ಪೂರ್ತಿ ದಾರಿಗೆ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮೊದಲು ಊರಿಗೆ ಹೋದ ಹುಡುಗ ವಾಪಸ್ ಬರುತ್ತಾನೋ ಇಲ್ಲವೋ, ಯಾರು ಹೇಳಬೇಕು? ಕೊಟ್ಟ ಕೊಡೆ ಅವನನ್ನು ಎಳೆದು ತರಲಿ ಅನ್ನುವ ಆಸೆ ಅದು. ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಹಾಗೆ ಹೊಸದಾಗಿ ಬರೆದೆ. ಶೀನಣ್ಣ ಈಗ ಮಾತಾಡುತ್ತಾರೆ, ಆದರೆ ಕೊಡೆಯ ಬಗ್ಗೆ, ಚಿಲ್ಲರೆಯ ಬಗ್ಗೆ. ಯಾರಾದರೂ "ಈಗ ಬರ್ತೇನೆ" ಅಂದರೆ ಸಿಡುಕುತ್ತಾರೆ: "ಎಷ್ಟು ಗಂಟೆಗೆ ಅಂತ ಹೇಳು." ಮಾವನ ಕತೆ ಇಡೀ ಧಾರಾವಾಹಿಯಲ್ಲಿ ಎಲ್ಲೂ ಬರುವುದಿಲ್ಲ. ನನಗೆ ಗೊತ್ತಿದೆ, ನಟರಿಗೆ ಗೊತ್ತಿದೆ, ಅಷ್ಟು ಸಾಕು.

ಸಪ್ಲಾಯರ್ ಹುಡುಗ ರಮೇಶ ಊರಿಗೆ ಹೊರಡುವ ದೃಶ್ಯ ನನಗೆ ಎಲ್ಲಕ್ಕಿಂತ ಇಷ್ಟ. ಅವನನ್ನು ಮತ್ಸ್ಯಗಂಧ ರೈಲು ಹತ್ತಿಸಲು ಕುರ್ಲಾದ ಟರ್ಮಿನಸ್‌ಗೆ ಎಲ್ಲರೂ ಹೋಗುತ್ತಾರೆ, ಶೀನಣ್ಣ ಬರುವುದಿಲ್ಲ. ನೋಟು ಎಣಿಸುತ್ತಾ ಕೂತವರು ಸಂಜೆಯ ಹೊತ್ತಿಗೆ ತನ್ನಷ್ಟಕ್ಕೆ ಅನ್ನುತ್ತಾರೆ, "ಪನ್ವೇಲ್ ದಾಟಿರ್ತದೆ."

"ಯಾರು ಶೀನಣ್ಣ?" ಅಂತ ಅಡುಗೆ ಭಟ್ರು.

"ಮತ್ಸ್ಯಗಂಧ. ಇನ್ನು ಯಾರು?"

ಮತ್ತೆ ಮೊದಲಿನಿಂದ ಎಣಿಕೆ.

ಕೊನೆಯ ಕಂತಿನಲ್ಲಿ ರಮೇಶ ಬರುವುದಿಲ್ಲ, ಕೊಡೆ ಬರುತ್ತದೆ, ಇನ್ನೊಬ್ಬ ಹುಡುಗನ ಕೈಯಲ್ಲಿ. ಶೀನಣ್ಣನಿಗೆ ನಾನು ಬರೆದದ್ದು ಒಂದೇ ಸಾಲು: "ಒಂದು ಕಡ್ಡಿ ಮುರಿದಿದೆ." ನಟರು ಸ್ಟುಡಿಯೋಗೆ ಮನೆಯಿಂದ ತಮ್ಮ ಹಳೇ ಕೊಡೆಯನ್ನೇ ತಂದಿದ್ದರು. ಸಾಲು ಹೇಳಿ, ಮೈಕಿನ ಮುಂದೆ ನಿಧಾನಕ್ಕೆ ಅದನ್ನು ಬಿಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಮಡಚಿದರು. ಆ ಸದ್ದು ನಾನು ಬರೆದಿರಲಿಲ್ಲ, ಹಾಗೇ ಉಳಿಸಿಕೊಂಡೆವು.