ಅರವತ್ತಾರರ ಟೋಲ್ ಲೆಕ್ಕ

ಪನ್ವೇಲ್‌ನಿಂದ ಕನ್ಯಾಕುಮಾರಿವರೆಗೆ ಐದು ರಾಜ್ಯ ಹಾಯುವ ರಾಷ್ಟ್ರೀಯ ಹೆದ್ದಾರಿ 66ಕ್ಕೆ ನಮ್ಮ ಕರಾವಳಿಯಲ್ಲಿ ಇನ್ನೂ ‘ಎನ್‌ಎಚ್ ಹದಿನೇಳು’ ಅನ್ನುವವರಿದ್ದಾರೆ. ಸಂಖ್ಯೆ ಬದಲಾದರೂ ನಾಲಿಗೆ ಬದಲಾಗಿಲ್ಲ!

ತಲಪಾಡಿಯಿಂದ ಉತ್ತರಕ್ಕೆ ಹೊರಟರೆ ಟೋಲ್ ಸಾಲು ಹೀಗೆ: ತಲಪಾಡಿ, ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ, ಹಟ್ಟಿಕೇರಿ. ಸುರತ್ಕಲ್‌ನದ್ದು 2022ರ ಡಿಸೆಂಬರ್‌ನಲ್ಲೇ ನಿಂತಿತು. ಟೋಲ್ ಇರುವ ಶಿರೂರು ಬೈಂದೂರು ಕಡೆಯದ್ದು. 2024ರ ಜುಲೈನಲ್ಲಿ ಗುಡ್ಡ ಕುಸಿದದ್ದು ಅಂಕೋಲಾದ ಶಿರೂರಿನಲ್ಲಿ. ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ.

24 ಗಂಟೆಯೊಳಗೆ ಅದೇ ಟೋಲ್‌ನಲ್ಲಿ ಮರಳಿದರೆ ಹೋಗಿಬರಲು ಒಟ್ಟು ಒಂದೂವರೆ ಪಟ್ಟು ಶುಲ್ಕ ಮಾತ್ರ. 2025ರಲ್ಲಿ ಫಾಸ್ಟ್ಯಾಗ್ ಇಲ್ಲದೆ ನಗದು ಕೊಟ್ಟರೆ ದುಪ್ಪಟ್ಟು ಇತ್ತು. 2025ರ ನವೆಂಬರ್ 15ರಿಂದ ಯುಪಿಐಗೆ ಒಂದೂಕಾಲು ಪಟ್ಟು. ಟ್ಯಾಗ್‌ನಲ್ಲಿ ದುಡ್ಡು ಕಮ್ಮಿಯಿದ್ದರೆ ಮನೆಯಲ್ಲೇ ತುಂಬಿಸಿ ಹೊರಡಿ. ಬೂತ್ ಎದುರು ತುಂಬಿಸಿದ್ದು ಕೂಡಲೇ ಕಾಣಿಸದೆ ಹಿಂದಿನವರ ಹಾರ್ನ್ ಕೇಳಬೇಕಾದೀತು.